ತಾಲೀಮಿಲ್ಲದ ರಂಗಪ್ರಯೋಗ ಮತ್ತು ಮಾತಿನ ಹೊಣೆ

‘ಪ್ರಯೋಗ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ನಾಟಕವನ್ನು ರಂಗದ ಮೇಲೆ ಆಡಿ ತೋರಿಸುವುದು ಪ್ರಯೋಗ. ಫಲವೇನೆಂದು ಮುಂಚಿತವಾಗಿ ತಿಳಿಯದ ಕಾರ್ಯವೊಂದನ್ನು ಪರೀಕ್ಷಾರ್ಥವಾಗಿ ಕೈಗೊಳ್ಳುವುದೂ ಪ್ರಯೋಗ. ಮೊದಲನೆಯ ಅರ್ಥದ ಮೂಲ ಭರತನ ನಾಟ್ಯಶಾಸ್ತ್ರದಲ್ಲಿದೆ. ಬ್ರಹ್ಮನಿಂದ ನಾಟ್ಯವೇದವನ್ನು ಪಡೆದ ಭರತಮುನಿಯು ಅದನ್ನು ತನ್ನ ನೂರು ಮಂದಿ ಪುತ್ರರಿಗೆ ಕಲಿಸಿ, ಆ ಬಳಿಕವೇ ಇಂದ್ರಧ್ವಜ ಮಹೋತ್ಸವದಲ್ಲಿ ಪ್ರಯೋಗಕ್ಕೆ ತೊಡಗಿದನೆಂದು ಆ ಗ್ರಂಥದ ಮೊದಲ ಅಧ್ಯಾಯವೇ ಹೇಳುತ್ತದೆ. ಕಲಿಕೆಯಿಲ್ಲದೆ ಪ್ರಯೋಗವಿಲ್ಲವೆಂಬುದು ಹೀಗೆ ನಾಟ್ಯದ ಹುಟ್ಟಿನ ಕಥೆಯಲ್ಲಿಯೇ ಅಡಕವಾಗಿದೆ. ಎರಡನೆಯ ಅರ್ಥವನ್ನು ಮುಂದಿಟ್ಟುಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಪ್ರಯೋಗಶೀಲ ರಂಗಭೂಮಿಯಾದರೋ ಕಲಿಕೆಯ ಆ ಕಟ್ಟನ್ನೇ ಕಳಚಿ ನೋಡಲು ಹೊರಟಿತು. ತಾಲೀಮೇ ಇಲ್ಲದೆ ನಾಟಕವನ್ನು ಆಡುವುದು ಆ ಹಾದಿಯ ಕೊನೆಯ ಮೆಟ್ಟಿಲುಗಳಲ್ಲಿ ಒಂದು. ಇದು ನಿಜವಾಗಿ ಹೊಸತೇ? ತಾಲೀಮನ್ನು ಬಿಟ್ಟುಕೊಟ್ಟಾಗ ರಂಗಕಲೆ ಪಡೆಯುವುದೇನು, ಕಳೆದುಕೊಳ್ಳುವುದೇನು? ಈ ಪ್ರಶ್ನೆಗಳು ವಿಚಾರಾರ್ಹವಾದುವು.

ಮೊದಲು ‘ತಾಲೀಮು’ ಎಂಬ ಮಾತನ್ನೇ ಗಮನಿಸಬಹುದು. ಅರಬ್ಬೀ ಮೂಲದ ಈ ಶಬ್ದಕ್ಕೆ ಬೋಧನೆ, ಶಿಕ್ಷಣ ಎಂಬುದೇ ಮೂಲಾರ್ಥ. ಕನ್ನಡಕ್ಕೆ ಬಂದಮೇಲೆ ಅದು ಎರಡು ಸ್ಥಳಗಳಲ್ಲಿ ನೆಲೆನಿಂತಿತು. ಒಂದು ನಾಟಕದ ಮನೆ, ಇನ್ನೊಂದು ಕುಸ್ತಿಯ ಗರಡಿಮನೆ. ಈ ಎರಡು ಬಳಕೆಗಳಲ್ಲಿ ಒಂದು ಸೂಕ್ಷ್ಮವಾದ ವ್ಯತ್ಯಾಸವಿದೆ. ನಾಟಕದವನು ತಾಲೀಮಿನಲ್ಲಿ ಮಾಡಿದುದನ್ನೇ ರಂಗದ ಮೇಲೆಯೂ ಮಾಡುತ್ತಾನೆ. ಗರಡಿಯ ಪೈಲ್ವಾನನು ದಿನವೂ ಸಾಮು ತೆಗೆದು ದೇಹವನ್ನು ಸಜ್ಜುಗೊಳಿಸುತ್ತಾನೆಯೇ ಹೊರತು ಅಖಾಡದಲ್ಲಿ ನಡೆಯಬೇಕಾದ ಕುಸ್ತಿಯನ್ನು ಎದುರಾಳಿಯೊಡನೆ ಮೊದಲೇ ಆಡಿ ಒಪ್ಪಿಸಿಕೊಳ್ಳುವುದಿಲ್ಲ. ಹಾಗೆ ಮಾಡಿದರೆ ಅದು ಕುಸ್ತಿಯೆನಿಸದೆ ಮೋಸವೆನಿಸುತ್ತದೆ. ಪಾಠಕ್ಕೆ ನೀಡುವ ತಾಲೀಮು ಒಂದು, ಪಾತ್ರಧಾರಿಗೆ ನೀಡುವ ತಾಲೀಮು ಮತ್ತೊಂದು. ಈ ಭೇದವನ್ನು ಮರೆತರೆ ‘ತಾಲೀಮಿಲ್ಲದ ನಾಟಕ’ವನ್ನು ಕುರಿತ ಹೊಗಳಿಕೆ ತೆಗಳಿಕೆಗಳೆರಡೂ ಗುರಿ ತಪ್ಪುತ್ತವೆ.

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಸೀಮೆಯನ್ನು ಈ ವಿಚಾರಕ್ಕೆ ನೆಲೆಯಾಗಿ ಇಟ್ಟುಕೊಳ್ಳುವುದು ಯುಕ್ತ. ಕೆಂಪೇಗೌಡರ ವಂಶದವರ ನವದುರ್ಗಗಳಲ್ಲಿ ಒಂದೆಂದು ಹೆಸರಾದ ಈ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ, ಒಟ್ಟಾರೆ ತುಮಕೂರು ಸೀಮೆಯಲ್ಲಿ, ನಾಟಕವೆಂದರೆ ಮೊದಲಿಗೆ ಕಲಿಕೆಯೇ. ರಾಗಿಯ ಸುಗ್ಗಿ ಮುಗಿದು ಕೈಗೆ ಬಿಡುವು ದೊರೆತಾಗ ಊರಿನ ನಾಲ್ಕಾರು ಮಂದಿ ಉತ್ಸಾಹಿಗಳು ಸೇರಿ ‘ಕುರುಕ್ಷೇತ್ರ’ವನ್ನೋ ‘ದಕ್ಷಯಜ್ಞ’ವನ್ನೋ ‘ಶನಿಪ್ರಭಾವ’ವನ್ನೋ ಆಡಲು ನಿಶ್ಚಯಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಪಾತ್ರ ಹಂಚಿಕೆಯಾಗುತ್ತದೆ. ಪಾತ್ರಕ್ಕೆ ತಕ್ಕಂತೆ ಪಾತ್ರಧಾರಿಗಳೇ ಕೈಯಿಂದ ಹಣ ಹಾಕುತ್ತಾರೆ. ಹಗಲೆಲ್ಲ ಹೊಲಗದ್ದೆಗಳಲ್ಲಿ ದುಡಿದವರು ರಾತ್ರಿ ಊಟ ಮುಗಿಸಿ ಗುಡಿಯ ಅಂಗಳದಲ್ಲಿ ಕೂಡಿ ತಿಂಗಳುಗಟ್ಟಲೆ ಮಟ್ಟುಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡುತ್ತಾರೆ. ಕೊನೆಗೆ ಬಾಡಿಗೆಯ ಸೀನರಿ, ಬಾಡಿಗೆಯ ವೇಷಭೂಷಣಗಳೊಡನೆ ಜಾತ್ರೆಯ ರಾತ್ರಿ ಬೆಳಗಿನವರೆಗೂ ಆಟ ನಡೆಯುತ್ತದೆ. ಅಕ್ಷರ ಬಾರದವನೂ ಕೇಳಿ ಕೇಳಿಯೇ ಕರ್ಣನ ಪಾತ್ರವನ್ನು ಒಪ್ಪಿಸಬಲ್ಲನಾದರೆ ಅದಕ್ಕೆ ತಾಲೀಮೇ ಕಾರಣ. ಇದೇ ಸೀಮೆಗೆ ಸೇರಿದ ಮೂಡಲಪಾಯ ಯಕ್ಷಗಾನದಲ್ಲಿಯೂ ಭಾಗವತನೇ ಗುರು; ಕುಣಿತ, ಹಾಡು, ಮಾತುಗಳನ್ನು ಅವನಿಂದ ಕಲಿತೇ ವೇಷ ಕಟ್ಟಬೇಕು. ಜೀ. ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಆ ಕಲೆಯತ್ತ ನಾಡಿನ ಗಮನವನ್ನು ಸೆಳೆದರು.

ಈ ಹಳ್ಳಿಯ ನಾಟಕಗಳ ಹಿಂದೆ ವೃತ್ತಿರಂಗಭೂಮಿಯ ನೆರಳಿದೆ. 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ನಾಯಕತ್ವದಲ್ಲಿ ನಾಡಿನಾದ್ಯಂತ ಪ್ರಖ್ಯಾತವಾಯಿತು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಪ್ರದರ್ಶಿಸಿದ ಆ ಕಂಪೆನಿಯಲ್ಲಿ ಶಿಸ್ತಿಲ್ಲದೆ ಒಂದು ರಾತ್ರಿಯೂ ಪರದೆ ಏಳುವಂತಿರಲಿಲ್ಲ. ಬಾಲಕನಾಗಿ ಅಲ್ಲಿಗೆ ಸೇರಿದ ಬಿ. ವಿ. ಕಾರಂತರು ಮುಂದೆ ಆಧುನಿಕ ಕನ್ನಡ ರಂಗಭೂಮಿಯ ಪ್ರಮುಖ ನಿರ್ದೇಶಕರಾದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರ ನಾಟಕಗಳು ಹೊಸ ಯುಗವನ್ನು ತೆರೆದಾಗಲೂ ಅವುಗಳ ಹಿಂದೆ ದೀರ್ಘವಾದ ತಾಲೀಮಿತ್ತು. ಕಂಪೆನಿಯ ನಾಟಕಕ್ಕೂ ಹವ್ಯಾಸಿಗಳ ಆಧುನಿಕ ನಾಟಕಕ್ಕೂ ಬೇರೆ ಎಷ್ಟೇ ಭೇದಗಳಿದ್ದರೂ ತಾಲೀಮಿನ ವಿಷಯದಲ್ಲಿ ಎರಡೂ ಒಂದೇ ನಂಬಿಕೆಯವು. ನಾಟಕಕಾರನ ಮಾತು, ನಿರ್ದೇಶಕನ ಅಥವಾ ಮೇಷ್ಟ್ರ ಕಲ್ಪನೆ, ನಟನ ಬಾಯಿ ಎಂಬುದು ಆ ನಂಬಿಕೆಯ ಕ್ರಮ. ಮಾತಿನ ಹೊಣೆ ಬಹುಪಾಲು ನಟನ ಹಿಂದೆ ಇರುವವರದು.

ಈ ಕ್ರಮವನ್ನು ಬುಡಮೇಲು ಮಾಡಿದ ಇತ್ತೀಚಿನ ಕೃತಿಗಳಲ್ಲಿ ಇರಾನಿನ ನಸೀಮ್ ಸುಲೇಮಾನ್‌ಪೂರ್ ಅವರ ‘ವೈಟ್ ರ್‍ಯಾಬಿಟ್ ರೆಡ್ ರ್‍ಯಾಬಿಟ್’ ಎಂಬುದು ಪ್ರಸಿದ್ಧವಾದುದು. ಕಡ್ಡಾಯ ಸೈನ್ಯಸೇವೆಯನ್ನು ನಿರಾಕರಿಸಿದ್ದರಿಂದ ಪಾಸ್‌ಪೋರ್ಟ್ ದೊರೆಯದೆ ದೇಶದಿಂದ ಹೊರಹೋಗಲಾರದ ತರುಣನೊಬ್ಬನು ತನ್ನ ಬದಲಿಗೆ ತನ್ನ ನಾಟಕವನ್ನೇ ಲೋಕಸಂಚಾರಕ್ಕೆ ಕಳುಹಿಸಿದನು. 2011ರಲ್ಲಿ ಎಡಿನ್‌ಬರೋ ಮತ್ತು ಟೊರಾಂಟೊ ನಗರಗಳ ರಂಗೋತ್ಸವಗಳಲ್ಲಿ ಬೆಳಕು ಕಂಡ ಈ ನಾಟಕ ಮುಂದೆ 25ಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು. ಇದಕ್ಕೆ ನಿರ್ದೇಶಕನಿಲ್ಲ, ರಂಗಸಜ್ಜಿಕೆಯಿಲ್ಲ, ತಾಲೀಮಿಲ್ಲ. ಪ್ರತಿ ಪ್ರದರ್ಶನಕ್ಕೂ ಹೊಸ ನಟ ಅಥವಾ ನಟಿ. ನಾಟಕವನ್ನು ಹಿಂದೆಂದೂ ಓದಿರದ ಆ ವ್ಯಕ್ತಿಗೆ ಸಭೆಯ ಎದುರಿನಲ್ಲಿಯೇ ಮುಚ್ಚಿದ ಲಕೋಟೆಯನ್ನು ಕೊಡಲಾಗುತ್ತದೆ. ಅದನ್ನು ಒಡೆದು, ಬರೆದಿರುವುದನ್ನು ಓದುತ್ತ, ಹೇಳಿದಂತೆ ಮಾಡುತ್ತ ಹೋಗಬೇಕು. ಪ್ರೇಕ್ಷಕರೂ ಸಂಖ್ಯೆಗಳನ್ನು ಕೂಗಿ ಎಣಿಕೆಗೆ ಒಳಗಾಗುತ್ತಾರೆ. ತಮ್ಮ ಸಂಖ್ಯೆ ಬಂದಾಗ ಎದ್ದು ರಂಗಕ್ಕೆ ಬರುತ್ತಾರೆ. ರಂಗದ ಮೇಲೆ ನೀರಿನ ಎರಡು ಲೋಟಗಳಿರುತ್ತವೆ. ಮುಂದಿನ ಸಾಲಿನಲ್ಲಿ ಗೈರುಹಾಜರಾದ ನಾಟಕಕಾರನಿಗಾಗಿ ಒಂದು ಆಸನ ಬರಿದಾಗಿರುತ್ತದೆ. ಒಬ್ಬ ನಟ ಇದನ್ನು ಒಮ್ಮೆ ಮಾತ್ರ ಆಡಬಹುದು.

ಈ ಕೃತಿಯಲ್ಲಿ ತಾಲೀಮಿಲ್ಲದಿರುವುದು ಕೇವಲ ಚಮತ್ಕಾರವಾಗಿ ಉಳಿದಿಲ್ಲ ಎಂಬುದನ್ನು ವಿಮರ್ಶಕರು ಒಪ್ಪಬೇಕಾಗುತ್ತದೆ. ನಾಟಕದ ವಸ್ತುವೇ ವಿಧೇಯತೆ. ಎಲ್ಲಿಯೋ ಕುಳಿತು ಬರೆದ ಒಬ್ಬನ ಆಜ್ಞೆಯನ್ನು ಕಾರಣ ಕೇಳದೆ ಪಾಲಿಸುವ ನಟ, ಆ ನಟನ ಆಜ್ಞೆಯನ್ನು ಪಾಲಿಸುವ ಪ್ರೇಕ್ಷಕ ಎಂಬ ಸರಪಳಿಯನ್ನು ಕಣ್ಣೆದುರು ನಿರ್ಮಿಸಿ, ಅದರ ಕೊನೆಯಲ್ಲಿ ಯಾರಿಗಾದರೂ ಅಪಾಯ ಸಂಭವಿಸಿದರೆ ಹೊಣೆ ಯಾರದೆಂದು ಅದು ಕೇಳುತ್ತದೆ. ಮೊದಲೇ ಓದಿ ಸಿದ್ಧನಾದ ನಟನಿಂದ ಈ ಪ್ರಶ್ನೆ ಹುಟ್ಟದು. ರೂಪಕ್ಕೂ ವಸ್ತುವಿಗೂ ಇಲ್ಲಿ ಬಿಡಿಸಲಾಗದ ಸಂಬಂಧವಿದೆ. ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ನಟನಿಗೆ ಇಲ್ಲಿ ಬಾಯಿಯುಂಟು, ಮಾತಿಲ್ಲ. ತಾಲೀಮು ಇಲ್ಲವಾದರೂ ಪಾಠವು ಅಕ್ಷರಶಃ ನಿಶ್ಚಿತ. ನಿರ್ದೇಶಕನನ್ನು ಕೆಳಗಿಳಿಸಿದ ನಾಟಕ ಲೇಖಕನನ್ನು ಇನ್ನಷ್ಟು ಎತ್ತರದ ಪೀಠದಲ್ಲಿ ಕೂರಿಸಿದೆ. ನಟನ ಅಜ್ಞಾನವೇ ಇದರ ಬಂಡವಾಳವಾದುದರಿಂದ ಒಮ್ಮೆ ಆಡಿದವನು ಮತ್ತೊಮ್ಮೆ ಆಡಲಾರನು. ಅನುಭವ ಇಲ್ಲಿ ಅನರ್ಹತೆಯಾಗುತ್ತದೆ. ಕಲೆಯೊಂದರಲ್ಲಿ ನುರಿತವನಿಗಿಂತ ಅರಿಯದವನೇ ಯೋಗ್ಯನೆನಿಸುವುದು ಒಂದು ಕೃತಿಗೆ ಒಪ್ಪಬಹುದು. ಅದರಿಂದ ಒಂದು ಪರಂಪರೆ ಬೆಳೆಯುವುದು ಕಷ್ಟ.

ತಾಲೀಮಿಲ್ಲದೆ ಬೆಳೆದ ಪರಂಪರೆ ಕನ್ನಡದಲ್ಲಿಯೇ ಇದೆ. ಬಯಲುಸೀಮೆಯಿಂದ ಪಡುವಣಕ್ಕೆ ಘಟ್ಟವನ್ನಿಳಿದು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡಗಳಿಗೆ ಹೋದರೆ ತಾಳಮದ್ದಳೆಯ ಕೂಟಗಳು ಕಾಣಸಿಗುತ್ತವೆ. ಯಕ್ಷಗಾನದ ಪ್ರಸಂಗಗಳನ್ನೇ ಆಧರಿಸಿದ ಈ ಕಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಚೆಂಡೆ ಮದ್ದಳೆಗಳ ಹಿಮ್ಮೇಳವಿರುತ್ತದೆ. ಎದುರು ಬದುರಾಗಿ ಕುಳಿತ ಅರ್ಥಧಾರಿಗಳು ಪದ್ಯದ ಅರ್ಥವನ್ನು ಪಾತ್ರವಾಗಿ ಮಾತನಾಡುತ್ತಾರೆ. ಬರೆದ ಸಂಭಾಷಣೆ ಇರುವುದಿಲ್ಲ. ಯಾವ ಪದ್ಯಗಳನ್ನು ಎತ್ತಿಕೊಳ್ಳಬೇಕು, ಎಷ್ಟು ಹೊತ್ತಿಗೆ ಮುಗಿಸಬೇಕು ಎಂಬಷ್ಟರ ಮಾತುಕತೆಯ ಹೊರತು ತಾಲೀಮೂ ಇರುವುದಿಲ್ಲ. ಹಿಂದೆಂದೂ ಜೊತೆಯಲ್ಲಿ ಅರ್ಥ ಹೇಳದ ಇಬ್ಬರು ಒಂದು ಸಂಜೆ ಕೃಷ್ಣನಾಗಿ ಕೌರವನಾಗಿ ಎದುರಾಗಬಹುದು. ಎದುರಿನವನು ಏನನ್ನು ಕೇಳುತ್ತಾನೆಂಬುದು ಅವನು ಕೇಳಿದಾಗಲೇ ತಿಳಿಯುವುದು.

ಇದರ ಸ್ವರೂಪಕ್ಕೆ ‘ವಾಲಿವಧೆ’ಯಂಥ ಪ್ರಸಂಗಕ್ಕಿಂತ ಉತ್ತಮ ನಿದರ್ಶನವಿಲ್ಲ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಸೇರಿದ ಈ ಕಥೆಯಲ್ಲಿ ಮರೆಯಿಂದ ಬಂದ ಬಾಣಕ್ಕೆ ಉರುಳಿದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೂ ನನಗೂ ಇದ್ದ ವೈರವೇನು? ಎದುರು ನಿಂತು ಹೊಡೆಯದೆ ಮರೆಯಲ್ಲಿ ನಿಂತುದೇಕೆ? ಸೀತೆ ಬೇಕಾಗಿದ್ದರೆ ನನ್ನನ್ನೇ ಕೇಳಬಹುದಾಗಿತ್ತಲ್ಲ? ತಮ್ಮನ ಮಡದಿಯನ್ನು ಅಪಹರಿಸಿದ ದೋಷ, ಭರತನ ಆಳ್ವಿಕೆಯ ಹೆಸರಿನಲ್ಲಿ ದಂಡಿಸುವ ಅಧಿಕಾರ, ವಾನರನೆಂಬ ಕಾರಣದಿಂದ ಬೇಟೆಯ ನ್ಯಾಯ ಎಂಬ ಉತ್ತರಗಳು ವಾಲ್ಮೀಕಿಯಿಂದಲೇ ರಾಮನಿಗೆ ದೊರೆಯುತ್ತವೆ. ಆದರೆ ಈ ಉತ್ತರಗಳನ್ನು ಒಪ್ಪಿಸಿದಷ್ಟರಿಂದ ರಾಮನ ಅರ್ಥಧಾರಿ ಪಾರಾಗಲಾರನು. ವಾನರನಾದರೆ ನನಗೆ ಮನುಷ್ಯನ ಧರ್ಮಶಾಸ್ತ್ರವನ್ನು ಅನ್ವಯಿಸಿದ್ದು ಹೇಗೆ, ಧರ್ಮಶಾಸ್ತ್ರ ಅನ್ವಯಿಸುವುದಾದರೆ ಬೇಟೆಯಾಡಿದ್ದು ಹೇಗೆ ಎಂದು ವಾಲಿ ಕೇಳಬಲ್ಲನು. ಆಗ ನೆರವಿಗೆ ಬರುವ ಪುಸ್ತಕ ರಂಗದ ಮೇಲಿಲ್ಲ. ಅರ್ಥಧಾರಿ ಬದುಕಿನುದ್ದಕ್ಕೂ ಓದಿದುದು, ಕೇಳಿದುದು, ಚಿಂತಿಸಿದುದು ಆ ಕ್ಷಣದಲ್ಲಿ ಮಾತಾಗಿ ಒದಗಬೇಕು.

ಇಷ್ಟಾದರೂ ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯಿದೆ. ವಾಲಿ ವಾದದಲ್ಲಿ ಎಷ್ಟೇ ಮೇಲುಗೈ ಪಡೆದರೂ ಪ್ರಸಂಗದ ಪದ್ಯ ಅವನನ್ನು ರಾಮನ ಪಾದದ ಕಡೆಗೆ ಕರೆದೊಯ್ಯುತ್ತದೆ. ಭಾಗವತರು ಮುಂದಿನ ಪದ್ಯವನ್ನು ಎತ್ತಿದರೆಂದರೆ ಅರ್ಥಧಾರಿ ತನ್ನ ವಾದಧಾರೆಯನ್ನು ಅದರತ್ತ ತಿರುಗಿಸಲೇಬೇಕು. ತಾನೇ ಕಟ್ಟಿದ ಪ್ರಬಲವಾದ ವಾದದಿಂದ, ಕೇಳುವವರಿಗೆ ಅಸಹಜವೆನಿಸದಂತೆ, ಶರಣಾಗತಿಯ ಭಾವಕ್ಕೆ ಇಳಿಯುವುದರಲ್ಲಿಯೇ ವಾಲಿಯ ಅರ್ಥಧಾರಿಯ ನಿಜವಾದ ಪರೀಕ್ಷೆ. ವಾದದಲ್ಲಿ ಗೆದ್ದು ರಸದಲ್ಲಿ ಸೋತವರು ಈ ಕಲೆಯಲ್ಲಿ ವಿರಳರಲ್ಲ. ವಾಲಿ, ರಾವಣ, ಮಾಗಧ ಮೊದಲಾದ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯಲ್ಲಿಯೂ ಪಳಗಿದವರಾಗಿದ್ದರು. ಅವರ ಸಮಕಾಲೀನರಾದ ಶಂಕರನಾರಾಯಣ ಸಾಮಗರೂ ಹಾಗೆಯೇ. ದೇರಾಜೆ ಸೀತಾರಾಮಯ್ಯನವರು ಕೃಷಿಕರಾಗಿದ್ದುಕೊಂಡೇ ರಾಮಾಯಣ ಮಹಾಭಾರತಗಳನ್ನು ಕುರಿತು ಗ್ರಂಥಗಳನ್ನು ರಚಿಸಿದರು. ಇಂಥವರ ಮಾತಿಗೆ ತಾಲೀಮಿರಲಿಲ್ಲವೆನ್ನುವುದು ನಿಜ; ಅವರಿಗೆ ತಾಲೀಮಿರಲಿಲ್ಲವೆಂದರೆ ಅದು ಅಸತ್ಯ. ಗರಡಿಯ ಪೈಲ್ವಾನನಂತೆ ಅವರು ನಿತ್ಯವೂ ಸಾಮು ತೆಗೆದವರು.

ಇರಾನಿನ ನಾಟಕವನ್ನೂ ಕರಾವಳಿಯ ಕೂಟವನ್ನೂ ಅಕ್ಕಪಕ್ಕದಲ್ಲಿರಿಸಿದರೆ ‘ತಾಲೀಮಿಲ್ಲ’ ಎಂಬ ಒಂದೇ ಮಾತು ಪರಸ್ಪರ ವಿರುದ್ಧವಾದ ಎರಡು ಸ್ಥಿತಿಗಳನ್ನು ಹೇಳುತ್ತಿದೆಯೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಪಾಠ ನಿಶ್ಚಿತ, ನಟ ಅಜ್ಞ. ಇಲ್ಲಿ ಕಥೆ ಎಲ್ಲರಿಗೂ ತಿಳಿದುದು, ಮಾತು ಅನಿಶ್ಚಿತ. ಅಲ್ಲಿ ಒಬ್ಬನಿಗೆ ಒಂದೇ ಅವಕಾಶ. ಇಲ್ಲಿ ನೂರನೆಯ ಸಲ ವಾಲಿಯಾಗುವವನೇ ಹೆಚ್ಚು ಅರ್ಹ. ಅಲ್ಲಿ ಮಾತಿನ ಹೊಣೆ ಬರಿದಾದ ಆಸನದ ಕಡೆಗೆ ಬೆರಳು ಮಾಡುತ್ತದೆ. ಇಲ್ಲಿ ಆಡಿದ ಮಾತಿಗೆ ಆಡಿದವನೇ ಹೊಣೆ, ಎದುರಿಗೆ ಕುಳಿತವನು ಅದನ್ನು ಆಗಲೇ ವಿಚಾರಿಸಿಕೊಳ್ಳುತ್ತಾನೆ. ಹೊಣೆಯನ್ನು ಪ್ರಶ್ನೆಯಾಗಿ ಎತ್ತುವುದು ಆಧುನಿಕ ಪ್ರಯೋಗದ ಸಾಧನೆ. ಹೊಣೆಯನ್ನು ಹೊತ್ತು ತೋರಿಸುವುದು ತಾಳಮದ್ದಳೆಯ ಸಾಧನೆ.

ಈ ಎರಡರ ನಡುವಣ ಮಾರ್ಗವೊಂದನ್ನು ಕಂಪೆನಿ ನಾಟಕದ ಹಾಸ್ಯಪಾತ್ರಗಳು ಕಂಡುಕೊಂಡಿದ್ದವು. ನಾಟಕದ ಕಟ್ಟು ಸಿದ್ಧ, ಆದರೆ ಅದರೊಳಗೆ ನಟನಿಗೆ ಸ್ವಂತ ಮಾತಿನ ಅವಕಾಶ. ಮಾಸ್ಟರ್ ಹಿರಣ್ಣಯ್ಯನವರು (1934–2019) ಈ ಅವಕಾಶವನ್ನು ಕೊನೆಯ ಮಟ್ಟದವರೆಗೆ ಕೊಂಡೊಯ್ದರು. 1959ರಲ್ಲಿ ರಂಗಕ್ಕೆ ಬಂದ ‘ಲಂಚಾವತಾರ’ ಸಾವಿರಾರು ಪ್ರದರ್ಶನಗಳನ್ನು ಕಂಡಿತು. ಅಂದಂದಿನ ರಾಜಕೀಯದ ಮೇಲೆ ಅವರು ರಂಗದಲ್ಲಿಯೇ ಹೊಸೆಯುತ್ತಿದ್ದ ಮಾತುಗಳನ್ನು ಕೇಳಲೆಂದೇ ಜನ ಅದನ್ನು ಮತ್ತೆ ಮತ್ತೆ ನೋಡುತ್ತಿದ್ದರು. ನಾಟಕಕಾರನ ಹಿಂದೆಯೂ ನಿರ್ದೇಶಕನ ಹಿಂದೆಯೂ ಅವಿತುಕೊಳ್ಳುವ ಅನುಕೂಲ ಅಲ್ಲಿ ಅವರಿಗಿರಲಿಲ್ಲ. ತಮ್ಮ ಟೀಕೆಯ ಫಲವನ್ನು ಅವರು ನ್ಯಾಯಾಲಯದ ಮೆಟ್ಟಿಲವರೆಗೂ ಅನುಭವಿಸಬೇಕಾಯಿತು. ತಾಲೀಮಿನಲ್ಲಿ ಒಪ್ಪಿತವಾದ ಮಾತಿಗಿಂತ ಆ ಕ್ಷಣದಲ್ಲಿ ಆಡಿದ ಮಾತು ಏಕೆ ಹೆಚ್ಚು ಅಪಾಯಕರ, ಏಕೆ ಹೆಚ್ಚು ಬೆಲೆಯುಳ್ಳದು ಎಂಬುದಕ್ಕೆ ಇದು ನಿದರ್ಶನ.

ಕ್ಷಣದ ಮಾತಿಗೂ ಕಟ್ಟಿದ ಕೃತಿಗೂ ಇರುವ ಸಂಬಂಧವನ್ನು ಅರಿಯಲು ತುಮಕೂರು ಸೀಮೆಯ ಇನ್ನೊಂದು ಸಂಪತ್ತನ್ನು ನೆನೆಯಬಹುದು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ‘ಶೂನ್ಯಸಂಪಾದನೆ’ ಆ ಹೆಸರಿನ ನಾಲ್ಕು ಸಂಕಲನಗಳಲ್ಲಿ ಕೊನೆಯದು. ಅಲ್ಲಮಪ್ರಭುವು ಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ ಮೊದಲಾದ ಶರಣರೊಡನೆ ನಡೆಸುವ ಸಂವಾದಗಳು ಅಲ್ಲಿ ಕಣ್ಣೆದುರಿಗೆ ಆಗತಾನೆ ನಡೆಯುತ್ತಿರುವಂತೆ ತೋರುತ್ತವೆ. ಒಂದು ಪ್ರಶ್ನೆ ಮುಂದಿನ ಉತ್ತರವನ್ನು ಕೆಣಕುತ್ತದೆ, ಉತ್ತರ ಮತ್ತೊಂದು ಪ್ರಶ್ನೆಗೆ ಎಡೆಗೊಡುತ್ತದೆ. ಆದರೆ ಇವು ಶರಣರ ಬಿಡಿ ವಚನಗಳನ್ನು ಶತಮಾನಗಳ ತರುವಾಯ ಸಂವಾದದ ಸೂತ್ರದಲ್ಲಿ ಪೋಣಿಸಿದ ರಚನೆಗಳು; ಒಬ್ಬರಾದ ಮೇಲೊಬ್ಬರು ನಾಲ್ವರು ಸಂಕಲನಕಾರರು ಆ ಜೋಡಣೆಯನ್ನು ತಿದ್ದಿದ್ದಾರೆ. ಅತ್ಯಂತ ಸಹಜವೆನಿಸುವ ಸಂವಾದದ ಹಿಂದೆ ಅತ್ಯಂತ ಶ್ರದ್ಧೆಯ ಜೋಡಣೆಯಿದೆ. ಇದರ ಜೊತೆಗೆ ಇನ್ನೊಂದು ಸಂಗತಿಯೂ ಸತ್ಯ. ಆ ವಚನಗಳು ಯಾವ ಸಂಕಲನಕಾರನ ಕೈಗೆ ಸಿಕ್ಕಿದರೂ ಬಾಡದಿರುವುದಕ್ಕೆ ಅವು ನಡೆಯಿಂದ ಹುಟ್ಟಿದ ನುಡಿಗಳಾಗಿರುವುದೇ ಕಾರಣ. ಅಭ್ಯಾಸದಿಂದ ಬಂದ ಸಹಜತೆ ಬೇರೆ, ಅನುಭವದಿಂದ ಬಂದ ಸಹಜತೆ ಬೇರೆ; ಉತ್ತಮವಾದ ಆಶುಮಾತಿನಲ್ಲಿ ಎರಡೂ ಕೂಡಿರುತ್ತವೆ.

ತಾಲೀಮಿಲ್ಲದ ಕಲೆಯ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನೂ ಅದಕ್ಕೊದಗುವ ಘಾತಗಳನ್ನೂ ವಿಚಾರಿಸಲಾಗಿದೆ. ಹೊರಗಿನಿಂದ ಬರುವ ಕೇಡುಗಳ ಜೊತೆಗೆ ನಟನಿಂದಲೇ ಹುಟ್ಟುವ ಕೇಡೂ ಅಲ್ಲಿ ಉಕ್ತವಾಗಿದೆ. ತಾಳಮದ್ದಳೆಯ ಘಾತಗಳೆಲ್ಲ ಈ ಕೊನೆಯ ಬಗೆಯವು. ಮಾತಿನ ಮೋಹಕ್ಕೆ ಸಿಲುಕಿದ ಅರ್ಥಧಾರಿ ಇಡೀ ರಾತ್ರಿಯನ್ನು ತಾನೊಬ್ಬನೇ ನುಂಗಬಲ್ಲನು. ಎದುರಿನವನು ಕಿರಿಯನೆಂದು ತಿಳಿದೂ ಉತ್ತರವಿಲ್ಲದ ಪ್ರಶ್ನೆಯಿಂದ ಅವನನ್ನು ನಗೆಗೀಡು ಮಾಡಬಲ್ಲನು. ಪಾತ್ರಗಳ ನಡುವಣ ಚರ್ಚೆ ವ್ಯಕ್ತಿಗಳ ನಡುವಣ ಜಗಳವಾಗಿ ಪ್ರಸಂಗ ಮರೆತುಹೋಗಬಹುದು. ತಾಲೀಮಿರುವ ನಾಟಕದಲ್ಲಿ ಇಂಥ ಅತಿರೇಕವನ್ನು ತಡೆಯಲು ನಿರ್ದೇಶಕನಿದ್ದಾನೆ. ಅವನಿಲ್ಲದ ಕಡೆ ಸಹನಟನ ಮೇಲಿನ ಗೌರವವೊಂದೇ ಕಡಿವಾಣ. ಬಲ್ಲ ಅರ್ಥಧಾರಿ ಎದುರಿನವನು ತಡವರಿಸಿದಾಗ ಉತ್ತರಕ್ಕೆ ದಾರಿಯಾಗುವಂತೆ ತನ್ನ ಪ್ರಶ್ನೆಯನ್ನೇ ಬದಲಿಸಿ ಕೇಳುತ್ತಾನೆ. ರಾಮನು ಸೋಲದಂತೆ ನೋಡಿಕೊಳ್ಳುವ ಹೊಣೆ ವಾಲಿಯದೂ ಹೌದು. ತಾಲೀಮಿಲ್ಲದ ಕಲೆಗೆ ಬೇಕಾದ ನೀತಿ ತಾಲೀಮಿರುವ ಕಲೆಗಿಂತ ಕಠಿನವಾದುದು.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಇಟಲಿಯಲ್ಲಿ ಮೆರೆದ ‘ಕೊಮೆದಿಯಾ ದೆಲ್ಲಾರ್ತೆ’ ಎಂಬ ನಾಟಕ ಪ್ರಕಾರದಲ್ಲಿಯೂ ಬರೆದ ಸಂಭಾಷಣೆಯಿರಲಿಲ್ಲ. ಕಥೆಯ ಚೌಕಟ್ಟು ಮಾತ್ರ ಇರುತ್ತಿತ್ತು. ಉಳಿದುದನ್ನು ನಟರೇ ಆಡಿ ತುಂಬುತ್ತಿದ್ದರು. ಫ್ಲಮಿನಿಯೊ ಸ್ಕಾಲ ಎಂಬ ನಟನು ಅಂಥ 50 ಚೌಕಟ್ಟುಗಳನ್ನು 1611ರಲ್ಲಿ ಮುದ್ರಿಸಿದನು. ಆ ನಟರು ತಮ್ಮ ತಮ್ಮ ಪಾತ್ರಕ್ಕೊದಗುವ ಮಾತುಗಳನ್ನು ಬರೆದಿಟ್ಟುಕೊಂಡು ಪೋಷಿಸುತ್ತಿದ್ದರು. ಕಾಲಕ್ರಮದಲ್ಲಿ ಅವೇ ಮಾತುಗಳು, ಅವೇ ಚೇಷ್ಟೆಗಳು ಮರುಕಳಿಸಿ ಸವೆದುಹೋದಾಗ ಗೋಲ್ಡೋನಿಯಂಥ ನಾಟಕಕಾರನು ಬರೆದ ಪಾಠವನ್ನು ಮತ್ತೆ ರಂಗಕ್ಕೆ ತಂದನು. ಆಶುತ್ವವು ರೂಢಿಯಾದರೆ ಅದಕ್ಕಿಂತ ಹಳಸಿದ ವಸ್ತು ಇನ್ನೊಂದಿಲ್ಲ. ತಾಳಮದ್ದಳೆಗೂ ಇಂದು ಈ ಅಪಾಯ ಎದುರಾಗಿದೆ. ಧ್ವನಿಮುದ್ರಣ ವಿಡಿಯೋಗಳ ಮೂಲಕ ಹಿರಿಯರ ಅರ್ಥಗಾರಿಕೆ ಮನೆಮನೆಗೆ ತಲುಪಿದೆ; ಕಲಿಯುವವರಿಗೆ ಇದೊಂದು ಭಾಗ್ಯವೇ. ಆದರೆ ಹಿರಿಯರು ಆ ಕ್ಷಣಕ್ಕಾಗಿ ಹುಟ್ಟಿಸಿದ ಮಾತನ್ನು ಕಿರಿಯನು ಬಾಯಿಪಾಠ ಮಾಡಿ ಒಪ್ಪಿಸತೊಡಗಿದರೆ ತಾಲೀಮಿಲ್ಲದ ಕಲೆ ಹಿಂಬಾಗಿಲಿನಿಂದ ತಾಲೀಮಿನ ಕಲೆಯಾಗುತ್ತದೆ. ತಾಲೀಮಿನ ಕಲೆಗಿರುವ ಅಂದ ಮಾತ್ರ ಅದಕ್ಕೆ ಒದಗದು.

ನಗರಗಳಲ್ಲಿ ಇಂಥ ಪ್ರಯೋಗಗಳಿಗೆ ಕೈಹಾಕುವ ತರುಣರು ಈ ಇತಿಹಾಸದಿಂದ ತಿಳಿಯಬೇಕಾದುದಿದೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ‘ಹ್ಯಾಪನಿಂಗ್’ ಎಂಬ ಹೆಸರಿನಿಂದ ಅಲನ್ ಕ್ಯಾಪ್ರೊ ತೋರಿಸಿದ ರಂಗಪ್ರಯೋಗ ಆಕಸ್ಮಿಕತೆಗೆ ಪರ್ಯಾಯಪದವಾಗಿ ಹೆಸರು ಮಾಡಿತು. ವಸ್ತುತಃ ಅದನ್ನು ಮೊದಲೇ ವಿವರವಾಗಿ ಬರೆದು ತಾಲೀಮು ಮಾಡಿಯೇ ತೋರಿಸಲಾಗಿತ್ತು. ಹೊರಗೆ ಕಾಣುವ ಅನಿರೀಕ್ಷಿತತೆಯನ್ನು ನೋಡಿ ಒಳಗಿನ ಸಿದ್ಧತೆಯನ್ನು ಮರೆತವರು ಬರಿಯ ಗೊಂದಲವನ್ನು ಪ್ರಯೋಗವೆಂದು ಭ್ರಮಿಸುತ್ತಾರೆ. ಆದುದರಿಂದ ತಾಲೀಮಿಲ್ಲದ ಯಾವುದೇ ಪ್ರಯೋಗವನ್ನು ಬೆಲೆಗಟ್ಟುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ತಾಲೀಮನ್ನು ಕೈಬಿಟ್ಟುದಕ್ಕೆ ವಸ್ತುವಿನಲ್ಲಿಯೇ ಕಾರಣವಿದೆಯೇ? ಕೈಬಿಟ್ಟ ತಾಲೀಮಿನ ಸ್ಥಾನದಲ್ಲಿ ನಟನ ಯಾವ ಸಿದ್ಧತೆ ನಿಂತಿದೆ? ಆಡಿದ ಮಾತಿಗೆ ಕೊನೆಗೆ ಹೊಣೆಗಾರರು ಯಾರು? ಮೊದಲನೆಯ ಪ್ರಶ್ನೆಗೆ ಸುಲೇಮಾನ್‌ಪೂರ್ ಅವರ ನಾಟಕ ಸಮರ್ಪಕವಾಗಿ ಉತ್ತರಿಸುತ್ತದೆ. ಮೂರು ಪ್ರಶ್ನೆಗಳಿಗೂ ಉತ್ತರಿಸಬಲ್ಲುದು ತಾಳಮದ್ದಳೆಯ ಉತ್ತಮವಾದ ಕೂಟ. ಮೂರಕ್ಕೂ ಉತ್ತರವಿಲ್ಲದ ಪ್ರದರ್ಶನವನ್ನು ಸೋಮಾರಿತನವೆನ್ನದೆ ಬೇರೆ ಹೆಸರಿಂದ ಕರೆಯಬೇಕಾಗಿಲ್ಲ.

ಹುತ್ರಿದುರ್ಗದ ಸೀಮೆಯ ಹಳ್ಳಿಯ ನಟರಿಗೆ ಈ ಚರ್ಚೆಯಿಂದ ಪ್ರಯೋಜನವುಂಟೇ ಎಂದು ಕೇಳಬಹುದು. ತಾಲೀಮನ್ನು ಬಿಡಿರೆಂದು ಅವರಿಗೆ ಹೇಳುವುದು ಅವಿವೇಕ. ಹಾರ್ಮೋನಿಯಂ ಮೇಷ್ಟ್ರ ಎದುರು ಕಳೆಯುವ ಆ ರಾತ್ರಿಗಳು ಕಲೆಗೆ ಮಾತ್ರವಲ್ಲದೆ ಊರಿನ ಒಗ್ಗಟ್ಟಿಗೂ ಆಧಾರ. ಆದರೆ ಅದೇ ಹಳ್ಳಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಒಂದೇ ಪಾತ್ರವನ್ನು ಧರಿಸಿ, ತನ್ನ ಮಾತಷ್ಟೇ ಅಲ್ಲದೆ ಇಡೀ ‘ಕುರುಕ್ಷೇತ್ರ’ವನ್ನೇ ಕಂಠಸ್ಥ ಮಾಡಿಕೊಂಡ ಹಿರಿಯರು ಇದ್ದಾರೆ. ಕರ್ಣನ ದುಃಖವನ್ನೂ ದುರ್ಯೋಧನನ ಛಲವನ್ನೂ ಅಷ್ಟು ಕಾಲ ಹೊತ್ತು ತಿರುಗಿದವರಿಗೆ ಪುಸ್ತಕದ ಮಾತಿನಾಚೆಗೂ ಹೇಳಬೇಕಾದ ಮಾತುಗಳಿರುತ್ತವೆ. ಗಮಕ ವ್ಯಾಖ್ಯಾನವನ್ನು, ಶಿವಕಥಾ ಕೀರ್ತನೆಯನ್ನು ಕೇಳಿ ಬಲ್ಲ ಸಭೆಯೂ ಅಲ್ಲಿ ಇನ್ನೂ ಉಳಿದಿದೆ. ಸಂಧಾನಕ್ಕೆ ಬಂದ ಕೃಷ್ಣನೂ ಒಪ್ಪದ ದುರ್ಯೋಧನನೂ ಎದುರಾಗುವ ಒಂದೇ ಒಂದು ಸನ್ನಿವೇಶವನ್ನು, ಹಾಡನ್ನು ಮಾತ್ರ ಇದ್ದಂತೆ ಇಟ್ಟುಕೊಂಡು, ಅಂಥ ಇಬ್ಬರು ಹಿರಿಯರು ಪುಸ್ತಕವಿಲ್ಲದೆ ಆಡಿ ನೋಡಬಹುದು. ಅದಕ್ಕೆ ಸೀನರಿಯ ಬಾಡಿಗೆ ಬೇಕಿಲ್ಲ, ಲಕೋಟೆಯೂ ಬೇಕಿಲ್ಲ. ಒಂದು ಗುಡಿಯ ಜಗಲಿ, ಒಂದು ಹಾರ್ಮೋನಿಯಂ, ಕೇಳುವ ಹತ್ತು ಮಂದಿ ಸಾಕು. ಅವರು ಮೂವತ್ತು ವರ್ಷ ಮಾಡಿದ ತಾಲೀಮಿನ ನಿಜವಾದ ಫಲ ಯಾವುದೆಂಬುದು ಆ ಇರುಳು ಅವರಿಗೂ ಊರಿಗೂ ತಿಳಿದೀತು.